ಚೆನ್ನೆಮಣೆಯಿಂದ ರಮ್ಮಿ ಆ್ಯಪ್‌ವರೆಗೆ: ಆಟದಲ್ಲಿ ಗೆಲ್ಲೋದು ಯಾರು?

ಸುಬ್ರಹ್ಮಣ್ಯದ ನಮ್ಮನೆಯಲ್ಲಿ ಆಟಿ ತಿಂಗಳ ಮಳೆ ಹಿಡಿದರೆ ಅಜ್ಜಿ ಚೆನ್ನೆಮಣೆ ತೆಗೀತಿದ್ರು. 14 ಗುಳಿ, ಕೈತುಂಬ ಚೆನ್ನೆಕಾಯಿ. ಸೋತರೆ ಹೋಗ್ತಿದ್ದದ್ದು ಕಾಯಿ ಮಾತ್ರ. ಮಣೆ ಕೊಟ್ಟ ಅಜ್ಜಿಗೆ ಕಮಿಷನ್ ಇರ್ಲಿಲ್ಲ!

ಫೋನಿನಲ್ಲಿ ಬಂದ ದುಡ್ಡಿನ ರಮ್ಮಿಯ ಲೆಕ್ಕವೇ ಬೇರೆ. ಯಾರೇ ಗೆಲ್ಲಲಿ, ಕಂಪನಿಗೆ ತನ್ನ ಪಾಲು ಬರ್ತಿತ್ತು. ಅಂದ್ರೆ, ನೀವು ಆಟ ನಿಲ್ಲಿಸದೇ ಇರೋದೇ ಅದರ ವ್ಯಾಪಾರ.

ಕೋರ್ಟುಗಳಲ್ಲಿ ಬಹಳ ಕಾಲ ನಡೆದ ವಾದ ಮಾತ್ರ ಬೇರೆ: ಇದು ಕೌಶಲವೋ, ಅದೃಷ್ಟವೋ? 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಆದರೆ ಪಣ ಕಟ್ಟಿ ಆಡುವ ಆಟದಿಂದ ಜಾಗದ ಮಾಲೀಕರು ಲಾಭ ಮಾಡಿಕೊಂಡರೆ ಅದು ಅಪರಾಧ ಆಗಬಹುದು ಅಂತಲೂ ಅದೇ ತೀರ್ಪು ಹೇಳಿತ್ತು. ಮೊದಲ ಮಾತು ಎಲ್ಲರ ಬಾಯಲ್ಲಿ ಉಳೀತು, ಎರಡನೇದು ಹಿಂದೆ ಬಿತ್ತು.

2021ರ ಅಕ್ಟೋಬರ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ತಡೆಯೋ ಕರ್ನಾಟಕದ ಕಾನೂನು ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟದ ಭೇದವನ್ನೇ ಬಿಟ್ಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ.

ಬೆಂಗಳೂರಿನಲ್ಲಿ ಕೆಲಸ ಕಳಕೊಂಡ ಹುಡುಗ ಹುಡುಗಿಯರ ಬಗ್ಗೆ ನನಗೂ ಬೇಸರ ಇದೆ. ಆದರೂ ಯಾವುದೇ ಗೇಮ್ ಹಾಕಿಕೊಳ್ಳುವಾಗ ಒಂದು ಮಾತು ಕೇಳಿಕೊಳ್ಳಿ: ನಾನು ಸೋಲ್ತಾ ಇದ್ರೆ ಇಲ್ಲಿ ನಿಲ್ಲಿಸೋರು ಯಾರು? ನಮ್ಮನೇಲಿ ಅಜ್ಜಿ ಇದ್ರು: “ಸಾಕು ಮಗಾ, ಮಣೆ ಎತ್ತಿಡು.”