ಬೆಳಗಾವಿಯ ಸವಿತಾ, ಐರ್ಲೆಂಡಿನ ಕಾನೂನು

ಬೆಳಗಾವಿಯಿಂದ ಹೋದ ದಂತವೈದ್ಯೆ ಸವಿತಾ ಹಾಲಪ್ಪನವರ್ ಹೆಸರನ್ನು ನಾವು ಮರೆಯಬಾರದು. 2012ರ ಅಕ್ಟೋಬರಿನಲ್ಲಿ ಅವರು 17 ವಾರದ ಬಸುರಿ. ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆ ಸೇರಿದಾಗ ಗರ್ಭ ಉಳಿಯುವುದಿಲ್ಲವೆಂದು ತಿಳಿಯಿತು. ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ವೈದ್ಯರು ಒಪ್ಪಲಿಲ್ಲ. ಮೈಗೆ ನಂಜೇರಿ 28ರಂದು ತೀರಿಕೊಂಡರು. ವಯಸ್ಸು 31.

ತಾಯಿಗೂ ಭ್ರೂಣಕ್ಕೂ ಜೀವದ ಹಕ್ಕು ಸಮ ಎಂದು ಆ ಕ್ಯಾಥೊಲಿಕ್ ದೇಶ 1983ರಲ್ಲಿ ಸಂವಿಧಾನಕ್ಕೆ ಸೇರಿಸಿತ್ತು. 2018ರ ಮೇ 25ರಂದು ಶೇ 66ರಷ್ಟು ಮತದಾರರು ಅದನ್ನು ತೆಗೆಯಿರಿ ಎಂದರು.

ಹೊಸ ಕಾನೂನಿನಲ್ಲೂ ಮನಸ್ಸೊಪ್ಪದ ವೈದ್ಯರು, ನರ್ಸುಗಳು ಗರ್ಭಪಾತಕ್ಕೆ ಕೈಹಾಕದಿರಬಹುದು. ಆದರೆ ಬೇರೆ ವೈದ್ಯರಲ್ಲಿಗೆ ಕಳಿಸುವ ಏರ್ಪಾಡು ಮಾಡಲೇಬೇಕು. ಹೆಣ್ಣಿನ ಜೀವಕ್ಕೇ ಕುತ್ತು ಬಂದಾಗ ಈ ವಿನಾಯಿತಿ ನಡೆಯದು. ನಂಬಿಕೆ ವೈದ್ಯರದು, ಜೀವ ಅವಳದು. ಇಷ್ಟನ್ನು ಬರೆದಿಡುವ ಹೊತ್ತಿಗೆ ನಮ್ಮ ನಾಡಿನ ಮಗಳು ಇರಲಿಲ್ಲ.