ರೇನ್ ಮೂರು, ಕರೆ ಎರಡು

ಇಂಗ್ಲಿಷಿನಲ್ಲಿ ಮೂರು ‘ರೇನ್’ಗಳಿವೆ. ಆರ್-ಎ-ಐ-ಎನ್ ಎಂದು ಬರೆದರೆ ಮಳೆ. ಆರ್-ಇ-ಐ-ಎನ್ ಎಂದು ಬರೆದರೆ ಕುದುರೆಯ ಲಗಾಮು. ಇದೇ ಲಗಾಮಿನ ಕೊನೆಯ ಎನ್‌ಗೆ ಮುಂಚೆ ಒಂದು ಜಿ ಸೇರಿಸಿದರೆ ರಾಜನ ಆಳ್ವಿಕೆ. ಬಾಯಲ್ಲಿ ಮೂರೂ ಒಂದೇ; ಕನ್ನಡ ಅಕ್ಷರದಲ್ಲಿ ಬರೆದರೂ ಮೂರೂ ಒಂದೇ. ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಿ ಹೈಸ್ಕೂಲಿಗೆ ಬಂದ ನಮ್ಮ ಕಡೆಯ ಮಕ್ಕಳು ಡಿಕ್ಟೇಷನ್ನಿನಲ್ಲಿ ವಿಷ್ಣುವರ್ಧನನ ಆಳ್ವಿಕೆಯನ್ನು ವಿಷ್ಣುವರ್ಧನನ ಮಳೆ ಎಂದು ಬರೆದಿದ್ದರೆ ಅದರಲ್ಲಿ ಆಶ್ಚರ್ಯವೇನು? ಎಷ್ಟೋ ಜನ ಎಸ್.ಎಸ್.ಎಲ್.ಸಿ.ಯಲ್ಲಿ ಬೇರೆಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ‘ನನ್ನ ತಲೆಗೆ ಇದು ಹತ್ತೋದಿಲ್ಲ’ ಎಂದು ಪುಸ್ತಕ ಮುಚ್ಚಿಟ್ಟು ಹೊಲಕ್ಕೆ ನಡೆದರು. ಈ ಗೊಂದಲ ಹುಟ್ಟಿದ್ದು ಅವರ ತಲೆಯಲ್ಲಲ್ಲ ಎಂಬುದಕ್ಕೆ ಚರಿತ್ರೆಯ ಸಾಕ್ಷಿಯಿದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆ ಹೊತ್ತಿಗೆ ನಮ್ಮಲ್ಲಿ ಹೊಯ್ಸಳ ವಿನಯಾದಿತ್ಯನ ಕಾಲ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿ ಕುಳಿತಿದ್ದವನು ಆ ವಿಲಿಯಮನ ಮಗ ಒಂದನೇ ಹೆನ್ರಿ. ಅಲ್ಲಿ ಅರಮನೆಯ ಮಾತು ಫ್ರೆಂಚ್, ಮಠಗಳ ಬರಹ ಲ್ಯಾಟಿನ್, ರೈತನ ಮಾತು ಮಾತ್ರ ಇಂಗ್ಲಿಷ್. ಮಳೆ ರೈತನದು, ಅದು ಹಳೆಯ ಇಂಗ್ಲಿಷ್ ಪದ. ಆಳ್ವಿಕೆ, ಲಗಾಮು ಎರಡೂ ಕುದುರೆಯೇರಿ ಬಂದ ಫ್ರೆಂಚರ ಪದಗಳು. ಬೇರೆ ಬೇರೆ ಊರಿನಿಂದ ಬಂದ ಮೂವರು ಒಂದೇ ಛತ್ರದಲ್ಲಿ ಇಳಿದುಕೊಂಡ ಹಾಗಾಯಿತು. ಇದರಲ್ಲೊಂದು ತಮಾಷೆಯಿದೆ: ಹಳೆಯ ಇಂಗ್ಲಿಷಿನಲ್ಲಿ ಮಳೆಯ ಪದಕ್ಕೂ ಒಂದು ಜಿ ಇತ್ತು. ಅದು ಸವೆದುಹೋಯಿತು. ಲ್ಯಾಟಿನ್ನಿನ ನೆನಪಿಗೆ ರಾಜನು ತನ್ನ ಜಿ ಉಳಿಸಿಕೊಂಡ.

1476ರಲ್ಲಿ ಕ್ಯಾಕ್ಸ್‌ಟನ್ ಲಂಡನ್ನಿನ ಬಳಿ ಮುದ್ರಣಯಂತ್ರ ಹೂಡಿದ. ಅಲ್ಲಿಂದ ಮುಂದೆ ಅಕ್ಷರಗಳು ಮೆಲ್ಲಮೆಲ್ಲನೆ ಅಚ್ಚಿನಲ್ಲಿ ನಿಂತವು, ನಾಲಗೆ ಮಾತ್ರ ನಿಲ್ಲಲಿಲ್ಲ. ರಾತ್ರಿ ಎಂಬ ‘ನೈಟ್’ಗೂ ವೀರಯೋಧ ಎಂಬ ‘ನೈಟ್’ಗೂ ಆಗ ಉಚ್ಚಾರಣೆಯಲ್ಲೇ ಭೇದವಿತ್ತು, ಯೋಧನ ಮುಂದಿರುವ ಕೆ ಅಕ್ಷರವನ್ನು ಜನ ನಿಜವಾಗಿ ನುಡಿಯುತ್ತಿದ್ದರು. ಇಂದು ಅದು ಕೇವಲ ಕಾಗದದ ಮೇಲೆ ಉಳಿದಿದೆ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಈ ತಾಪತ್ರಯ ನಮಗಿಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ಅವರು ಒಂದು ಸಲ ಶಾಸನಗಳನ್ನು ನೋಡಬೇಕು. ನಮ್ಮ ಹಳೆಯ ವರ್ಣಮಾಲೆಯಲ್ಲಿ ೞ, ಱ ಎಂಬ ಎರಡು ಅಕ್ಷರಗಳಿದ್ದವು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಕೂಗುವುದು ‘ಕರೆ’, ಹಸುವಿನ ಹಾಲು ಹಿಂಡುವುದು ‘ಕಱೆ’. ಸಮುದ್ರದ ಅಲೆ ‘ತೆರೆ’, ಬಾಗಿಲು ತೆಗೆಯುವುದು ‘ತೆಱೆ’. ಊರಿನವರು ಅರಸನಿಗೆ ಕೊಡುತ್ತಿದ್ದ ಕಂದಾಯವೂ ‘ತೆಱೆ’. ನಮ್ಮ ತೆರಿಗೆ ಹುಟ್ಟಿದ್ದು ಅದರಿಂದಲೇ. ಅರಸೀಕೆರೆಯ ಕೆರೆ ಹಿಂದೆ ‘ಕೆಱೆ’. ಹಳೇಬೀಡಿನ ‘ಹಳೆ’ ಹಿಂದೆ ‘ಪೞೆ’. ಮಳೆ ಎಂಬುದು ‘ಮೞೆ’. ತಮಿಳರೂ ಮಲಯಾಳಿಗಳೂ ಈ ೞಕಾರವನ್ನು ಇಂದಿಗೂ ನುಡಿಯುತ್ತಾರೆ. ನಾವು ಬಿಟ್ಟೆವು.

ಬಿಡುತ್ತಿದ್ದ ಕಾಲ ನಮ್ಮ ಸೀಮೆಯ ವೈಭವದ ಕಾಲವೇ. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳರ ಕರಣಿಕನಾಗಿದ್ದು ಆಮೇಲೆ ಹಂಪೆಗೆ ಹೋದನೆಂದು ಪ್ರತೀತಿಯಿರುವ ಹರಿಹರ ಕವಿ ಈ ಅಕ್ಷರಭೇದಗಳನ್ನು ಬದಿಗಿಟ್ಟು ಜನರ ಬಾಯಿಗೆ ಹತ್ತಿರವಾಗಿ ರಗಳೆಗಳನ್ನು ಬರೆದ. ಕೆಲವು ದಶಕ ಕಳೆದು, ಸುಮಾರು 1260ರಲ್ಲಿ, ಹೊಯ್ಸಳ ಆಸ್ಥಾನದ ನಂಟಿದ್ದ ಮನೆತನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಯಾವ ಯಾವ ಪದಗಳಿಗೆ ೞಕಾರ ಬರುತ್ತದೆ ಎಂದು ಪಟ್ಟಿಯನ್ನೇ ಕೊಡಬೇಕಾಯಿತು. ಕಿವಿಗೆ ಭೇದ ಸಲೀಸಾಗಿ ಕೇಳಿಸುತ್ತಿದ್ದರೆ ಪಟ್ಟಿ ಯಾರಿಗೆ ಬೇಕಿತ್ತು? ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಕಪ್ಪುಹಲಗೆಯ ಮೇಲೆ ಬರೆಸುವ ‘ಒಂದೇ ಉಚ್ಚಾರಣೆಯ ಪದಗಳು’ ಕೇಶಿರಾಜನ ಪಟ್ಟಿಯ ಮೊಮ್ಮಕ್ಕಳು ಎಂದೇ ನಾನು ತಿಳಿದಿದ್ದೇನೆ. ಹರಿಹರ, ಕೇಶಿರಾಜರಲ್ಲಿ ಯಾರು ಸರಿ ಎಂದು ಕೇಳಿದರೆ ನನ್ನ ಮನಸ್ಸು ಹರಿಹರನ ಕಡೆ ವಾಲುತ್ತದೆ. ಆದರೆ ಕೇಶಿರಾಜ ಬರೆದಿಡದಿದ್ದರೆ ಏನು ಕಳೆದುಕೊಂಡೆವೆಂಬುದೂ ನಮಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಹಕಾರದ ಕಥೆಯೂ ಇದೇ. ನಮ್ಮ ಕಡೆಯವರು ಹಾಸನವನ್ನು ‘ಆಸನ’ ಎಂದರೆ, ಹಾಲನ್ನು ‘ಆಲು’ ಎಂದರೆ ಪೇಟೆಯವರು ನಗುತ್ತಾರೆ. ಈ ನಾಲಗೆಗೆ ಕೂದಲು ಎಂಬ ‘ಹೇರ್’, ಗಾಳಿ ಎಂಬ ‘ಏರ್’ ಎರಡೂ ಒಂದೇ ಆಗುತ್ತವೆ. ಆದರೆ ‘ಪಾಲ್’ ಎಂಬುದು ‘ಹಾಲು’ ಆದದ್ದೂ ಒಂದು ಕಾಲದ ಬಾಯಿಮಾತೇ. ಶಾಸನಗಳಲ್ಲಿ ‘ಪೊಯ್ಸಳ’ ಎಂದೂ ಇದೆ, ‘ಹೊಯ್ಸಳ’ ಎಂದೂ ಇದೆ. ಪ ಹೋಗಿ ಹ ಬಂದಾಗ ರಾಜವಂಶದ ಹೆಸರೇ ಬದಲಾಯಿತು, ಯಾರೂ ನಗಲಿಲ್ಲ. ಲಂಡನ್ನಿನ ಕೂಲಿಕಾರರ ಇಂಗ್ಲಿಷಿನಲ್ಲಿಯೂ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ.

ಪದಗಳ ಗೊಂದಲ ಇನ್ನೂ ನಿಂತಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ‘ವರ್ಲ್ಡ್ ಹೆರಿಟೇಜ್ ಸೈಟ್’ ಆದವು. ನಮ್ಮಲ್ಲಿ ಸೈಟೆಂದರೆ ಮೂವತ್ತು-ನಲವತ್ತರ ನಿವೇಶನ. ಇಂಗ್ಲಿಷಿನಲ್ಲಿ ಸ್ಥಳವೂ ಸೈಟ್, ನೋಟವೂ ಸೈಟ್, ಆಧಾರವಾಗಿ ಉಲ್ಲೇಖಿಸುವುದೂ ಸೈಟ್. ಬರೆಯುವಾಗ ಮಾತ್ರ ಮೂರು ದಾರಿ.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಹಳೇಬೀಡಿಗೆ ಹೋದಾಗ ವಿಗ್ರಹಗಳ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಒಂದು ಶಾಸನದ ಕಲ್ಲಿನ ಮುಂದೆಯೂ ಹತ್ತು ನಿಮಿಷ ನಿಲ್ಲಲಿ. ಹಳಗನ್ನಡ ಬಲ್ಲ ಮೇಷ್ಟ್ರು ಜೊತೆಗಿದ್ದರೆ ಱ ಯಾವುದು, ರ ಯಾವುದು ಎಂದು ಬೆರಳಿಟ್ಟು ತೋರಿಸಬಹುದು.