ಗೋಡೆ ಬರಹ ಹೇಳದ ಕಥೆ: ಶುಗರ್, ಬಿಪಿ, ಹಾರ್ಟು ಮತ್ತು ಗಂಡಸರ ಮೌನ

1/7
ಫೋಟೋದಲ್ಲಿರೋ ಗೋಡೆ ಗುರುತು ಸಿಕ್ತಾ? ನಮ್ಮ ಓಲ್ಡ್ ಟೌನ್‌ದೇ. "ಗುಪ್ತ ಸಮಸ್ಯೆಯೇ? ಒಮ್ಮೆ ಭೇಟಿ ಕೊಡಿ" ಅಂತ ನೀಲಿ ಬಣ್ಣದಲ್ಲಿ ಬರೆದಿದೆ. ಫೋನ್ ನಂಬರ್ ನಾನೇ ಬ್ಲರ್ ಮಾಡಿದ್ದೀನಿ. ಸ್ಕೂಲಿಗೆ ಹೋಗೋವಾಗ ನಾವೆಲ್ಲ ಇಂಥ ಬರಹ ಓದಿ ಮುಸಿಮುಸಿ ನಕ್ಕವರೇ ತಾನೇ?

ಹೋದ ಸಲ ಲಕ್ಷ್ಮೀನರಸಿಂಹ ದೇವಸ್ಥಾನದ ಹೊಯ್ಸಳ ಕೆತ್ತನೆ ಬಗ್ಗೆ ಬರೆದಿದ್ದೆ. ಈ ಸಲ ಈ ಗೋಡೆಯ ಇತಿಹಾಸ. ನಗಬೇಡಿ, ಕಾರಣ ಇದೆ.

ನಮ್ಮ ದೊಡ್ಡಪ್ಪನಿಗೆ 49ನೇ ವಯಸ್ಸಿಗೆ ಶುಗರ್ ಬಂತು, 54ಕ್ಕೆ ಹಾರ್ಟ್ ಅಟ್ಯಾಕ್ ಆಯ್ತು. ಬದುಕುಳಿದ್ರು, ಈಗ ಆರಾಮಾಗಿದ್ದಾರೆ. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿ ಒಂದು ಪ್ರಶ್ನೆ ಕೇಳಿದ್ರಂತೆ: "ಗಂಡ-ಹೆಂಡತಿ ಸಂಬಂಧದಲ್ಲಿ ತೊಂದರೆ ಏನಾದ್ರೂ ಇತ್ತಾ?" ಮೂರು ವರ್ಷದಿಂದ ಇತ್ತು. ಆ ಮೂರು ವರ್ಷ ದೊಡ್ಡಪ್ಪ ಯಾರಿಗೂ ಹೇಳದೆ ಇಂಥದೇ ಒಂದು ಗೋಡೆಯ ನಂಬರಿಗೆ ಫೋನ್ ಮಾಡಿ ಲೇಹ್ಯ ತರಿಸ್ಕೊಂಡು ತಿಂದಿದ್ರು. ದೊಡ್ಡಮ್ಮ ತನ್ನ ಮೇಲೆ ಇವರಿಗೆ ಮನಸ್ಸಿಲ್ಲ ಅಂದ್ಕೊಂಡು ಸುಮ್ಮನಿದ್ರು.

ಇಬ್ಬರ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದ್ದೀನಿ. "ಬರಿ, ನಿನ್ನ ಫ್ರೆಂಡ್ಸ್ ಅಪ್ಪಂದಿರಿಗಾದ್ರೂ ಉಪಯೋಗ ಆಗ್ಲಿ" ಅಂದ್ರು ದೊಡ್ಡಪ್ಪ.

2/7
ಫೋಟೋ: ಭದ್ರಾ ನಾಲೆಯ ಒಂದು ತೂಬು.

ಇತಿಹಾಸಕ್ಕೆ ಮೊದಲು ದೇಹ ಹೇಗೆ ಕೆಲಸ ಮಾಡುತ್ತೆ ನೋಡೋಣ. ನಮ್ಮೂರ ಕಡೆಯವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ, ಯಾಕಂದ್ರೆ ನಾವು ನಾಲೆ ನೋಡಿ ಬೆಳೆದವರು. ಗದ್ದೆಗೆ ನೀರು ಬರಬೇಕಾದ್ರೆ ಮೂರು ಸರಿಯಿರಬೇಕು: ತೂಬು ಎತ್ತೋಕೆ ನೀರುಗಂಟಿ ಬರಬೇಕು, ತೂಬು ಸಲೀಸಾಗಿ ಏಳಬೇಕು, ನಾಲೆಯಲ್ಲಿ ಹೂಳು ತುಂಬಿರಬಾರದು.

ಶಿಶ್ನದ ನಿಮಿರುವಿಕೆಯೂ ಹೀಗೇ. ಮೆದುಳಿನಿಂದ ಬಂದ ಸುದ್ದಿಯನ್ನ ನರಗಳು ತಲುಪಿಸ್ತವೆ, ಅವೇ ನೀರುಗಂಟಿ. ಆಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುಗಡೆ ಆಗುತ್ತೆ, ಸ್ನಾಯು ಸಡಿಲಗೊಂಡು ತೂಬು ತೆರೆಯುತ್ತೆ. ನಾಲೆಯಲ್ಲಿ ರಕ್ತ ಹರಿದು ಸ್ಪಂಜಿನಂಥ ಎರಡು ಕೊಳವೆಗಳನ್ನ ತುಂಬುತ್ತೆ.

ವರ್ಷಗಟ್ಟಲೆ ಹತೋಟಿ ತಪ್ಪಿದ ಶುಗರ್ ಮೂರಕ್ಕೂ ಕೈ ಹಾಕುತ್ತೆ. ನರ ಮಂಕಾಗುತ್ತೆ, ಒಳಪದರ ಹಾಳಾಗುತ್ತೆ, ನಾಳದಲ್ಲಿ ಕೊಬ್ಬಿನ ಹೂಳು ಕಟ್ಟುತ್ತೆ. ಹೈ ಬಿಪಿ ನಾಳವನ್ನ ಗಡುಸು ಮಾಡುತ್ತೆ. ಬೀಡಿ-ಸಿಗರೇಟು ಎರಡಕ್ಕೂ ಕೈಜೋಡಿಸುತ್ತೆ. ಕಿಡ್ನಿ ಕಾಯಿಲೆಯಲ್ಲಿ ಹಾರ್ಮೋನೂ ಏರುಪೇರಾಗುತ್ತೆ. ಬಿಪಿಯ ಕೆಲವು ಮಾತ್ರೆಗಳಿಂದಲೂ ತೊಂದರೆ ಆಗಬಹುದು. ಹಾಗಂತ ಮಾತ್ರೆ ನಾವೇ ನಿಲ್ಲಿಸೋ ಹಾಗಿಲ್ಲ, ಡಾಕ್ಟರ್ ಹತ್ರ ಹೇಳಿದ್ರೆ ಬದಲಿಸಿ ಕೊಡ್ತಾರೆ.

ಹಾಗಾದ್ರೆ ಇಷ್ಟು ಸರಳ ವಿಷಯ ದೊಡ್ಡಪ್ಪನಿಗೆ ಯಾರೂ ಯಾಕೆ ಹೇಳಲಿಲ್ಲ? ಇತಿಹಾಸ ಅಲ್ಲಿಂದ ಶುರು.

3/7
ಫೋಟೋ: ಲೈಬ್ರರಿಯ ಹಳೇ ಪುಸ್ತಕಗಳ ಕಪಾಟು.

"ನಮ್ಮ ಸಂಸ್ಕೃತಿಯಲ್ಲಿ ಇದನ್ನೆಲ್ಲ ಮಾತಾಡಲ್ಲ" ಅಂತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಕನ್ನಡದಲ್ಲಿ ಚಂದ್ರರಾಜ ಅನ್ನೋ ಕವಿ ಕಾಮಶಾಸ್ತ್ರದ ಮೇಲೆ "ಮದನತಿಲಕ" ಬರೆದದ್ದು 11ನೇ ಶತಮಾನದಲ್ಲಿ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯಲ್ಲಿ ಈ ದೌರ್ಬಲ್ಯಕ್ಕೆ "ಕ್ಲೈಬ್ಯ" ಅಂತ ಹೆಸರು ಕೊಟ್ಟು ಕಾರಣಕ್ಕೆ ತಕ್ಕಂತೆ ನಾಲ್ಕು ಬಗೆ ಮಾಡಿದ್ದಾರೆ. ಅದರಲ್ಲಿ ಮುಪ್ಪೂ ಒಂದು. ಮಧುಮೇಹವೂ ಆ ಕಾಲದವರಿಗೆ ಗೊತ್ತಿತ್ತು, ಮೂತ್ರ ಸಿಹಿಯಾಗೋದನ್ನ ಗಮನಿಸಿ ಬರೆದಿಟ್ಟಿದ್ದಾರೆ.

ಸಕ್ಕರೆ ಕಾಯಿಲೆಯನ್ನೂ ಲೈಂಗಿಕ ಶಕ್ತಿ ಕುಂದೋದನ್ನೂ ಒಟ್ಟಿಗೆ ಹೇಳಿದವರಲ್ಲಿ ದೊಡ್ಡ ಹೆಸರು ಇಬ್ನ್ ಸೀನಾ (980–1037), ಪರ್ಷಿಯಾದ ವೈದ್ಯ. ಆಮೇಲೆ 1798ರಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೋ ಕೂಡ ಇವೆರಡರ ನಂಟನ್ನ ದಾಖಲಿಸಿದ. 1798 ಅಂದ್ರೆ ಟಿಪ್ಪು ಇನ್ನೂ ಶ್ರೀರಂಗಪಟ್ಟಣದಲ್ಲಿ ಆಳ್ತಿದ್ದ ಕಾಲ.

ಅಂದ್ರೆ ಈ ವಿಷಯ ವೈದ್ಯರ ಪುಸ್ತಕದಲ್ಲಿ ಸಾವಿರ ವರ್ಷದಿಂದ ಇದೆ. ಜನರ ಬಾಯಲ್ಲಿ ಮಾತ್ರ ಬೇರೆ ಪದ ಉಳೀತು: ಷಂಡ, ನಪುಂಸಕ. ಕಾಯಿಲೆಯ ಹೆಸರು ಇರಬೇಕಾದ ಜಾಗದಲ್ಲಿ ಬೈಗುಳ ಕೂತ್ಕೊಂಡ್ರೆ ಯಾವ ಗಂಡಸು ಬಾಯಿಬಿಟ್ಟು ಹೇಳ್ತಾನೆ?

4/7
ಫೋಟೋ: ಕಾರ್ಖಾನೆಯ ಹಳೇ ಚಿಮಣಿ, ಸಂಜೆ ಹೊತ್ತು.

ಈಗ ಎರಡು ಊರು, ಒಂದೇ ಕಾಲ. ನಮ್ಮ ಬೆಂಕಿಪುರ ಭದ್ರಾವತಿ ಆಗಿ, ಸರ್ ಎಂ. ವಿಶ್ವೇಶ್ವರಯ್ಯನವರು ಕನಸು ಕಂಡ ಮೈಸೂರು ಐರನ್ ವರ್ಕ್ಸ್‌ನಲ್ಲಿ ಕಬ್ಬಿಣ ತಯಾರಿ ಶುರುವಾದದ್ದು 1923ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1922ರ ಜನವರಿಯಲ್ಲಿ, ಕೆನಡಾದ ಟೊರಾಂಟೋದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ರು. ಇನ್ಸುಲಿನ್‌ಗೆ ನೊಬೆಲ್ ಬಂದದ್ದೂ 1923ರಲ್ಲೇ.

ಇನ್ಸುಲಿನ್‌ಗೆ ಮೊದಲು ಶುಗರ್ ಬಂದ ಮಕ್ಕಳು, ಹುಡುಗರು ಹೆಚ್ಚು ಕಾಲ ಬದುಕ್ತಿರಲಿಲ್ಲ. ಆಮೇಲೆ ಬದುಕೋಕೆ ಶುರು ಮಾಡಿದ್ರು. ಓದಿದ್ರು, ಕೆಲಸಕ್ಕೆ ಸೇರಿದ್ರು, ಮದುವೆ ಆದ್ರು. ಆಗ ಹೊಸ ಪ್ರಶ್ನೆಗಳು ಬಂದವು: 20-30 ವರ್ಷ ಕಾಯಿಲೆ ಜೊತೆ ಬದುಕಿದ್ರೆ ಕಣ್ಣು, ಕಿಡ್ನಿ, ಕಾಲು, ದಾಂಪತ್ಯ ಏನಾಗುತ್ತೆ? ದೀರ್ಘಕಾಲದ ಕಾಯಿಲೆ ಅನ್ನೋದು ಬದುಕುಳಿದವರಿಗೆ ಮಾತ್ರ ಬರೋದು. ಅದು ಔಷಧ ಗೆದ್ದಿದ್ದರ ಇನ್ನೊಂದು ಮುಖ.

1958ರಲ್ಲಿ ಅಮೆರಿಕದ ರೂಬಿನ್ ಮತ್ತು ಬ್ಯಾಬಟ್ ಅನ್ನೋ ಇಬ್ಬರು ವೈದ್ಯರು ಶುಗರ್ ಇದ್ದ 198 ಗಂಡಸರನ್ನ ನೇರವಾಗಿ ಕೇಳಿದ್ರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ತೊಂದರೆ ಇತ್ತು. ಅಲ್ಲಿವರೆಗೆ ಬಹಳಷ್ಟು ವೈದ್ಯರು ಕೇಳ್ತಾ ಇರಲಿಲ್ಲ, ರೋಗಿಗಳೂ ಹೇಳ್ತಾ ಇರಲಿಲ್ಲ. ಇವರು ಕೇಳಿದ್ರು, ಅವರು ಹೇಳಿದ್ರು. ದೊಡ್ಡಪ್ಪನ ವಿಷಯದಲ್ಲೂ ನಡೆದದ್ದು ಅಷ್ಟೇ, ಮೂರು ವರ್ಷ ತಡವಾಗಿ.

5/7
ಫೋಟೋ: ಖಾಲಿ ಕುರ್ಚಿ, ಕ್ಲಿನಿಕ್ಕಿನ ಹೊರಗೆ.

1958ರಲ್ಲೇ ಲೆಕ್ಕ ಸಿಕ್ಕಿತ್ತು ಅಂದ್ರೆ ಆಮೇಲೆ ಎಲ್ಲ ಸರಿಹೋಯ್ತಾ? ಇಲ್ಲ. ಮುಂದೆಯೂ ಹಲವು ವರ್ಷ ವೈದ್ಯರಲ್ಲಿ ಹೆಚ್ಚಿನವರು "ಇದು ಮನಸ್ಸಿನ ಸಮಸ್ಯೆ" ಅಂತಲೇ ನಂಬಿದ್ರು. ಮನಸ್ಸಿನ ಪಾಲು ಇದೆ, ಸುಳ್ಳಲ್ಲ. ಭಯ, ಖಿನ್ನತೆ, ಒತ್ತಡ, ನಿದ್ದೆಗೆಡೋದು ಇವೆಲ್ಲ ಕಾರಣ ಆಗ್ತವೆ, ನಮ್ಮ ವಯಸ್ಸಿನ ಹುಡುಗರಲ್ಲಂತೂ ಆತಂಕವೇ ದೊಡ್ಡ ಕಾರಣ. ಆದರೆ 50 ವರ್ಷದ, ಶುಗರ್-ಬಿಪಿ ಇರೋ ಮನುಷ್ಯನಿಗೆ "ಟೆನ್ಷನ್ ಬಿಡಿ" ಅಂತ ಹೇಳಿ ಕಳಿಸಿದ್ರೆ ನಾಳದೊಳಗಿನ ಹೂಳು ಹಾಗೇ ಉಳಿಯುತ್ತೆ.

ಈ ನಂಬಿಕೆ ಮುರಿದ ಒಂದು ದಿನ ವೈದ್ಯಲೋಕದಲ್ಲಿ ಇವತ್ತಿಗೂ ಕಥೆಯಾಗಿದೆ. 1983, ಲಾಸ್ ವೇಗಸ್, ಅಮೆರಿಕದ ಯುರಾಲಜಿಸ್ಟ್‌ಗಳ ಸಮ್ಮೇಳನ. ಜೈಲ್ಸ್ ಬ್ರಿಂಡ್ಲಿ ಅನ್ನೋ ಬ್ರಿಟಿಷ್ ವಿಜ್ಞಾನಿ ಭಾಷಣಕ್ಕೆ ಬರೋ ಮೊದಲು ತನಗೇ ಔಷಧ ಚುಚ್ಕೊಂಡು ಬಂದ, ವೇದಿಕೆ ಮೇಲೇ ಅದರ ಪರಿಣಾಮ ತೋರಿಸಿದ. ಸಭೆ ಗಾಬರಿ ಬಿತ್ತು. ಆದರೆ ಅವನ ಮಾತು ಸ್ಪಷ್ಟವಾಗಿತ್ತು: ಭಾಷಣ ಮಾಡೋದರಲ್ಲಿ ಯಾರಿಗೂ ಕಾಮಾಸಕ್ತಿ ಹುಟ್ಟಲ್ಲ, ಹಾಗಾಗಿ ಇದು ಔಷಧ ರಕ್ತನಾಳದ ಸ್ನಾಯುವಿನ ಮೇಲೆ ಮಾಡಿದ ಕೆಲಸ.

ಪದವೂ ಬದಲಾಯ್ತು. 1992ರ ಡಿಸೆಂಬರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ "ಇಂಪೊಟೆನ್ಸ್" ಅನ್ನೋ ಅವಮಾನದ ಪದ ಬಿಟ್ಟು "ಇರೆಕ್ಟೈಲ್ ಡಿಸ್‌ಫಂಕ್ಷನ್" ಅನ್ನೋಣ ಅಂತು. ಕನ್ನಡದಲ್ಲಿ ಈಗ "ನಿಮಿರು ದೌರ್ಬಲ್ಯ" ಅಂತಾರೆ. ಒಂದು ಅಂಗದ ಒಂದು ಕೆಲಸ ಕುಂಟಿದೆ ಅಂತ ಅರ್ಥ, ಗಂಡಸುತನ ಹೋಯ್ತು ಅಂತಲ್ಲ.

6/7
ಫೋಟೋ: ಕುಲುಮೆಯ ಬೆಂಕಿ.

ಇಲ್ಲಿ ನಮ್ಮಂಥದೇ ಇನ್ನೊಂದು ಊರು ಬರುತ್ತೆ. ವೇಲ್ಸ್‌ನ ಮರ್ಥರ್ ಟಿಡ್‌ಫಿಲ್. 19ನೇ ಶತಮಾನದಲ್ಲಿ ಜಗತ್ತಿನ ದೊಡ್ಡ ಕಬ್ಬಿಣದ ಊರುಗಳಲ್ಲಿ ಒಂದು, ಆಮೇಲೆ ಕುಲುಮೆಗಳು ಆರಿದವು. 1990ರ ದಶಕದ ಆರಂಭದಲ್ಲಿ ಎದೆನೋವಿಗೆ ಅಂತ ಫೈಜರ್ ಕಂಪನಿ ತಯಾರಿಸಿದ ಸಿಲ್ಡೆನಾಫಿಲ್ ಮಾತ್ರೆಯ ಪ್ರಯೋಗಕ್ಕೆ ಆ ಊರಿನ ಗಂಡಸರು ಸ್ವಯಂಸೇವಕರಾಗಿ ಬಂದ್ರು. ಎದೆನೋವಿಗೆ ಮಾತ್ರೆ ಅಷ್ಟೇನೂ ಕೆಲಸ ಮಾಡಲಿಲ್ಲ. ಆದರೆ ಸ್ವಯಂಸೇವಕರು ಸಂಕೋಚ ಬಿಟ್ಟು ಇನ್ನೊಂದು ಪರಿಣಾಮ ಹೇಳಿದ್ರು. ಅದೇ ಮಾತ್ರೆಗೆ 1998ರ ಮಾರ್ಚ್ 27ಕ್ಕೆ ಅಮೆರಿಕದಲ್ಲಿ ವಯಾಗ್ರ ಹೆಸರಲ್ಲಿ ಒಪ್ಪಿಗೆ ಸಿಕ್ತು. ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಹಿಡಿದ ಮೂವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಹೃದಯದ ಮಾತ್ರೆ ಇಲ್ಲಿ ಯಾಕೆ ಕೆಲಸ ಮಾಡ್ತು? ನಾಳ ಎಲ್ಲ ಕಡೆ ನಾಳವೇ. ಶಿಶ್ನದ ರಕ್ತನಾಳದ ಅಗಲ ಸುಮಾರು 1–2 ಮಿಲಿಮೀಟರ್, ಹೃದಯದ್ದು 3–4. ಹೂಳು ತುಂಬಿದಾಗ ಸಣ್ಣ ನಾಲೆ ಮೊದಲು ಒಣಗುತ್ತೆ, ದೊಡ್ಡದು ಆಮೇಲೆ. 2003ರಲ್ಲಿ ಇಟಲಿಯ ಮೊಂಟೋರ್ಸಿ ಮತ್ತು ಸಂಗಡಿಗರು ಎದೆನೋವಿನಿಂದ ಬಂದ, ಹೃದಯದ ನಾಳ ಕಟ್ಟಿದ್ದ 300 ಗಂಡಸರನ್ನ ವಿಚಾರಿಸಿದ್ರು. ಹತ್ತಿರ ಹತ್ತಿರ ಅರ್ಧ ಜನಕ್ಕೆ ನಿಮಿರು ದೌರ್ಬಲ್ಯ ಇತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಅದು ಎದೆನೋವಿಗಿಂತ ಮೊದಲೇ, ಸರಾಸರಿ 38.8 ತಿಂಗಳು ಮುಂಚೆ ಶುರುವಾಗಿತ್ತು.

38.8 ತಿಂಗಳು ಅಂದ್ರೆ ಮೂರು ವರ್ಷದ ಮೇಲೆ. ದೊಡ್ಡಪ್ಪ ಲೇಹ್ಯ ತಿಂದದ್ದೂ ಅಷ್ಟೇ ಕಾಲ. ದೇಹ ಮೂರು ವರ್ಷ ಮೊದಲೇ ಸುದ್ದಿ ಕಳಿಸಿತ್ತು, ಆ ಸುದ್ದಿ ಗೋಡೆ ಮೇಲಿನ ನಂಬರಿಗೆ ಹೋಯ್ತು.

7/7
ಫೋಟೋ: ಮತ್ತೆ ಅದೇ ಗೋಡೆ, ಮಳೆಯಲ್ಲಿ.

ಈ ಗೋಡೆ ಬಗ್ಗೆ ಕಾನೂನೂ ಇದೆ ಗೊತ್ತಾ? 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ, ಶುಗರ್ ವಾಸಿ ಮಾಡ್ತೀವಿ ಅಂತ ಔಷಧದ ಜಾಹೀರಾತು ಹಾಕೋ ಹಾಗಿಲ್ಲ. ಕಾನೂನಿಗೆ 70 ವರ್ಷ ದಾಟಿತು, ಗೋಡೆಗೆ ಬಣ್ಣ ಹೊಸದಾಗ್ತಾನೇ ಇದೆ. ಅಪಾಯ ದುಡ್ಡಿಗೆ ಮಾತ್ರ ಅಲ್ಲ. "ಗಿಡಮೂಲಿಕೆ" ಅಂತ ಮಾರೋ ಪುಡಿಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಕೊಳ್ಳೋ ನೈಟ್ರೇಟ್ ಮಾತ್ರೆ ತಗೊಳ್ಳೋರು ಅದನ್ನ ತಿಂದ್ರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಒಳ್ಳೆ ಸುದ್ದಿನೂ ನಮ್ಮ ಜಿಲ್ಲೆಯದೇ. ಡಾ. ಅನುಪಮಾ ನಿರಂಜನ (1934–1991) ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ವೈದ್ಯೆಯಾಗಿ, ಹೆಣ್ಣಾಗಿ, ಆ ಕಾಲದಲ್ಲೇ "ದಾಂಪತ್ಯ ದೀಪಿಕೆ" ಬರೆದು ಗಂಡ-ಹೆಂಡತಿ ವಿಷಯವನ್ನ ಕನ್ನಡದಲ್ಲಿ ಮರ್ಯಾದೆಯಿಂದ ಮಾತಾಡಬಹುದು ಅಂತ ತೋರಿಸಿದ್ರು. 2008ರಲ್ಲಿ ಕೇಂದ್ರ ಸರ್ಕಾರ ಶುಗರ್, ಹೃದ್ರೋಗ, ಸ್ಟ್ರೋಕ್ ತಡೆಯೋ ಯೋಜನೆಯನ್ನ ಪ್ರಾಯೋಗಿಕವಾಗಿ ಶುರು ಮಾಡಿದಾಗ ಕರ್ನಾಟಕದಿಂದ ಆರಿಸಿದ ಜಿಲ್ಲೆ ಶಿವಮೊಗ್ಗ. ಈಗ 30 ದಾಟಿದ ಯಾರು ಬೇಕಾದ್ರೂ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿಪಿ ಫ್ರೀಯಾಗಿ ನೋಡಿಸ್ಕೋಬಹುದು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತುಂಬೋ ಫಾರಂನಲ್ಲಿ ತಂಬಾಕು, ಸೊಂಟದ ಸುತ್ತಳತೆ, ಮನೆಯವರ ಕಾಯಿಲೆ ಎಲ್ಲ ಕೇಳ್ತಾರೆ. ಈ ಒಂದು ಪ್ರಶ್ನೆ ಮಾತ್ರ ಇನ್ನೂ ಇಲ್ಲ. ಹಾಗಾಗಿ ಡಾಕ್ಟರ್ ಕೇಳದಿದ್ರೂ ನಾವೇ ಹೇಳಬೇಕು.

ನಿಮ್ಮಪ್ಪನ ಹತ್ರ ಹೋಗಿ ಈ ವಿಷಯ ಕೇಳಿ ಅಂತ ನಾನು ಹೇಳಲ್ಲ, ನನ್ನ ಕೈಲೂ ಆಗಲಿಲ್ಲ. ನಾನು ಮಾಡಿದ್ದು ಇಷ್ಟೇ: ಅಪ್ಪನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗಿ ಶುಗರ್, ಬಿಪಿ, ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಿದೆ. ಡಾಕ್ಟರ್ ರೂಮಿಗೆ ಅವರೊಬ್ಬರನ್ನೇ ಕಳಿಸಿ ನಾನು ಹೊರಗೆ ಕೂತೆ. ಒಳಗೆ ಏನು ಮಾತಾಡಿದ್ರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಪ್ಪತ್ತು ನಿಮಿಷ ಮಾತಾಡಿದ್ರು.

ಸೇವ್ ಮಾಡ್ಕೊಳ್ಳಿ, ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಮುಜುಗರ ಆದ್ರೆ 6ನೇ ಭಾಗ ಒಂದನ್ನಾದ್ರೂ ಹಾಕಿ. ಮುಂದಿನ ಸಲ ಪೇಪರ್ ಟೌನ್ ಕಥೆ.

#ಓಲ್ಡ್‌ಟೌನ್ #ಭದ್ರಾವತಿ #ಶಿವಮೊಗ್ಗ #ನಮ್ಮೂರಇತಿಹಾಸ